ಅತ್ತೆ ಬಾಯಿಬಿಟ್ಟ ದಿನ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ದುಃಖವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವುದೇ ಧೈರ್ಯವಲ್ಲವೇ?”

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವನ ಹೆಂಡತಿ ಬಸುರಿಯಾದಳು. ಮನೆಯವರೆಲ್ಲ ಸಂಭ್ರಮಪಟ್ಟರು. ಅವಳೂ ಮೊದಲ ನಾಲ್ಕು ತಿಂಗಳು ನಗುನಗುತ್ತಲೇ ಇದ್ದಳು.

ಐದನೆಯ ತಿಂಗಳಲ್ಲಿ ಅವಳ ನಗು ನಿಂತಿತು. ಸೀರೆಯ ಅಂಚಿಗೆ ಬಣ್ಣ ಆರಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿರಲಿಲ್ಲ. ಈಗ ಗಂಡ ನೂಲನ್ನು ಮುಂದಿಟ್ಟರೆ ಯಾವುದಾದರೂ ಸರಿ ಎನ್ನುತ್ತಿದ್ದಳು. ಊಟ ರುಚಿಸುತ್ತಿರಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ. ಗಂಡ ಕೇಳಿದರೆ ಸುಸ್ತು ಎನ್ನುವಳು. ಬಸುರಿಯರಿಗೆ ಸುಸ್ತು ಸಹಜವೆಂದು ಅವನು ಸುಮ್ಮನಾದ. ಹೀಗೆ ಮೂರು ವಾರ ಕಳೆಯಿತು.

ಅತ್ತೆ ಮಾತ್ರ ಗಮನಿಸುತ್ತಿದ್ದಳು. ಒಂದು ಮಧ್ಯಾಹ್ನ ಸೊಸೆಯ ತಲೆ ಬಾಚುತ್ತ ಕೇಳಿದಳು: “ಮಗು ಒದೆಯುತ್ತಿದೆಯೇನಮ್ಮ?”

“ಒದೆಯುತ್ತಿದೆ ಅತ್ತೆ. ಆದರೆ ನನಗೆ ಏನೂ ಅನ್ನಿಸುವುದಿಲ್ಲ. ಇಷ್ಟು ವರ್ಷ ಹಂಬಲಿಸಿದ ನನಗೇ ಹೀಗಾಗಿದೆ. ನಾನು ತಾಯಿಯಾಗಲು ತಕ್ಕವಳಲ್ಲ.”

ಅತ್ತೆಯ ಕೈ ನಿಂತಿತು.

“ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ ನನಗೂ ಹೀಗೇ ಆಗಿತ್ತು. ನಾನೇ ಕೆಟ್ಟವಳೆಂದುಕೊಂಡು ಬಾಯಿ ಮುಚ್ಚಿಕೊಂಡೆ. ಅವನು ಹುಟ್ಟಿ ವರ್ಷವಾದರೂ ಎತ್ತಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಏಳು, ಆಸ್ಪತ್ರೆಗೆ ಹೋಗೋಣ.”

ವೈದ್ಯೆ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡಳು. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದಳು. ಇಲ್ಲವೆಂದು ಸೊಸೆ ತಲೆಯಾಡಿಸಿದಳು. ಇದು ಖಿನ್ನತೆ ಎಂಬ ಕಾಯಿಲೆ, ಬಸುರಿಯರಿಗೂ ಬರುವುದುಂಟು, ನಿನ್ನ ತಪ್ಪಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯೆ ಹೇಳಿದಳು. ಸೊಸೆ ಅಲ್ಲೇ ಅತ್ತುಬಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಎದೆ ಹಗುರವೆನಿಸಿತು.

ವಾರಕ್ಕೊಮ್ಮೆ ಅವಳು ವೈದ್ಯೆಯ ಬಳಿ ಹೋಗಿ ಮನಸ್ಸಿನಲ್ಲಿದ್ದದ್ದನ್ನು ಹೇಳಿ ಬರತೊಡಗಿದಳು. ವಿಷಯ ತಿಳಿದ ಗಂಡ ತಾನೇ ಮೊದಲು ವಿಚಾರಿಸಬೇಕಿತ್ತೆಂದು ಮರುಗಿದ. ಬೆಳಗಿನ ಅಡುಗೆಯನ್ನು ತಾನು ವಹಿಸಿಕೊಂಡ. ಕೆಲವು ದಿನ ಮತ್ತೆ ಮಂಕು ಕವಿಯುತ್ತಿತ್ತು. ಅಂಥ ದಿನ ಅವಳು ಅಡಗಿಸದೆ ಅತ್ತೆಗೆ ಹೇಳುತ್ತಿದ್ದಳು. ಎಂಟನೆಯ ತಿಂಗಳ ಹೊತ್ತಿಗೆ ನಿದ್ದೆ ಬಂತು. ಒಂದು ದಿನ ಅವಳೇ ಹುಳಿಸಾರು ಬೇಕೆಂದು ಕೇಳಿದಳು.

ಹೆಣ್ಣುಮಗು ಹುಟ್ಟಿತು. ತಾಯಿ ಅದನ್ನು ಎದೆಗವಚಿಕೊಂಡು ನಕ್ಕಳು. ಅತ್ತೆ ಬಾಗಿಲಲ್ಲೇ ಕುಳಿತು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂದು ತನಗಾದದ್ದನ್ನೆಲ್ಲ ಅವನಿಗೂ ಹೇಳಿದಳು. ಅವನು ತಾಯಿಯ ಕೈ ಹಿಡಿದುಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನೆಂದ: “ಆದರೂ ಅಷ್ಟು ವರ್ಷ ಒಬ್ಬಳೇ ಸಹಿಸಿದ ಅತ್ತೆ ಧೈರ್ಯವಂತೆಯೇ ಅಲ್ಲವೇ?”

ಗುರುಗಳೆಂದರು: “ಅದು ಧೈರ್ಯವಾಗಿದ್ದರೆ, ಸೊಸೆಗೂ ಅವಳು ಅದನ್ನೇ ಕಲಿಸುತ್ತಿದ್ದಳು.”