ಗೋಡೆಯಾಚೆಯ ಸರಿಬೆಸ

ಕಾರಹುಣ್ಣಿಮೆಯ ಮಾರನೇ ದಿನ, ಮಠದಲ್ಲಿ ಕಲಿಯುತ್ತಿದ್ದ ಮಗ್ಗಿಯನ್ನು ಅರ್ಧಕ್ಕೇ ಬಿಟ್ಟು, ದುಗ್ಗಪ್ಪ ಮೊದಲ ಸಲ ಊರು ಬಿಟ್ಟನಂತೆ. ಯಾವೂರು ಅಂತ ಕೇಳಬೇಡಿ, ಒಂದಾನೊಂದೂರು. ಅವತ್ತಿಂದ ಅವನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಹೆಗಲ ಮೇಲೊಂದು ಕಂಬಳಿ, ಕಂಬಳಿಯ ಮೇಲೊಂದು ಮಾತಾಡೋ ಗೊರವಂಕ.

ಹೋಗ್ತಾ ಹೋಗ್ತಾ ಎಣ್ಣೆಗಾಣದ ಊರು ಸಿಕ್ಕಿತಂತೆ. ಅಲ್ಲಿನ ಗೌಡ ಬಲು ಜಿಪುಣ. ಎತ್ತು ಸಾಕಿದರೆ ಹುಲ್ಲು ಹಾಕಬೇಕಲ್ಲ ಅಂತ, ದಾರಿಹೋಕರನ್ನು ಹಿಡಿದು ಇಬ್ಬಿಬ್ಬರಂತೆ ಸರಿಬೆಸ ಆಡಿಸುತ್ತಿದ್ದನಂತೆ. ಗೋಡೆಯ ಈಚೆಗೊಬ್ಬರು, ಆಚೆಗೊಬ್ಬರು. ಮುಖಕ್ಕೆ ಮುಖ ಕಾಣದು. ಸರದಿಯಂತೆ ಒಬ್ಬರು ಇನ್ನೊಬ್ಬರ ಮುಷ್ಟಿಯ ಹುಣಸೆಬೀಜ ಸರಿಯೋ ಬೆಸವೋ ಹೇಳಬೇಕು. ನಡುಬಾಗಿಲಲ್ಲಿ ನಿಂತ ತಳವಾರ ನೋಡಿ ಕೂಗಬೇಕು. ಗೆದ್ದವರಿಗೆ ಬುತ್ತಿ ಕಟ್ಟಿ ಬಿಡುಗಡೆ. ಸೋತವರಿಗೆ ಸಾಯೋತನಕ ಗಾಣ.

"ಸುತ್ತಿದಲ್ಲೇ ಸುತ್ತೋದಾ!" ತಳವಾರ ಹಿಡಿದು ತಂದಾಗ ದುಗ್ಗಪ್ಪ ಕೂಗಿಕೊಂಡ.

"ಹೆದರಬ್ಯಾಡ," ಅಂತು ಗೊರವಂಕ. "ಆಚೆಯವರು ಬೀಜ ಎತ್ತೋದನ್ನ ಬೆಳಕಿಂಡೀಲಿ ಕೂತು ನೋಡ್ತೀನಿ. ಒಂದು ಸಿಳ್ಳೆ ಹಾಕಿದ್ರೆ ಬೆಸ, ಎರಡು ಹಾಕಿದ್ರೆ ಸರಿ."

"ಆಟ ನಂದಲ್ವೇನೇ?"

"ಸೋತ್ರೆ ಗಾಣ ಸುತ್ತೋ ಕಾಲೂ ನಿಂದೇ!"

ದುಗ್ಗಪ್ಪ ಗೋಡೆಯ ಈಚೆಗೆ ಹೋಗಿ ಕೂತ.

ಆಡಿದರು, ಆಡಿದರು. ಬಿಸಿಲು ನೆತ್ತಿಗೆ ಬಂತು. ದುಗ್ಗಪ್ಪನೂ ತಪ್ಪಲಿಲ್ಲ, ಆಚೆಯವರೂ ತಪ್ಪಲಿಲ್ಲ. ಕೊನೆಗೊಮ್ಮೆ ಆಚೆಯವರು ತಪ್ಪಿದರಂತೆ.

ಬುತ್ತಿ ಹಿಡಿದು ಹೊರಗೆ ಬಂದ. ಗಾಣದ ಹತ್ತಿರ ಮುದುಕಿಯೊಬ್ಬಳಿಗೆ ನೊಗ ಕಟ್ಟುತ್ತಿದ್ದರು. ಗೋಡೆಯಾಚೆ ಆಡಿ ಸೋತವಳು, ಬಳೆ ಮಾರುವ ಚೌಡವ್ವ. ಅವಳ ಹಿಮ್ಮಡಿ ನೋಡಿದ. ದಾರಿ ತುಳಿದು ತುಳಿದು ಒಡೆದಿತ್ತು, ಥೇಟ್ ತನ್ನದರ ಹಾಗೇ. ಅವನ ಕಾಲು ಮುಂದಕ್ಕೆ ಏಳಲಿಲ್ಲವಂತೆ.

"ನೊಗ ಬಿಚ್ಚಿ ಗೌಡ್ರೇ! ಬಾಯಿ ನಂದು, ಕಣ್ಣು ಗೊರವಂಕದ್ದು. ನಾನು ಗೆದ್ದೇ ಇಲ್ಲ."

"ಹಂಗಾದ್ರೆ ನೀನೇ ಬಾ ನೊಗಕ್ಕೆ!"

ದುಗ್ಗಪ್ಪ ಕಣ್ಣು ಮುಚ್ಚಿ ಕತ್ತು ಬಗ್ಗಿಸಿದ. ಚೌಡವ್ವ ಕಿಸಕ್ಕನೆ ನಕ್ಕಳು.

"ತಡಿಯೋ ತಮ್ಮ, ನೀನೊಬ್ನೇನಾ ಕಳ್ಳ?" ಅಂತ ಸೆರಗಿನ ಗಂಟು ಬಿಚ್ಚಿದಳು. ಒಳಗಿಂದ ಇಲಿಯೊಂದು ಇಣುಕಿತು. "ಗೋಡೆ ಬಿಲದಾಗೆ ತೂರಿ ನಿನ್ನ ಬೀಜ ಎಣಿಸಿ ಬರ್ತಿದ್ದೋನು ಇವ್ನೇ. ಕೊನೇ ಸಲ ನೀನು ಬೀಳಿಸಿದ ಬೀಜ ಕಡೀತಾ ಅಲ್ಲೇ ಕೂತುಬಿಟ್ಟ, ತಿಂಡಿಪೋತ!"

"ಇಬ್ಬರಿಗೂ ಕಟ್ರೋ ನೊಗ!" ಗೌಡ ಕಿರುಚಿದ.

ತಳವಾರನಿಗೆ ನಗು ತಡೆಯಲಾಗಲಿಲ್ಲ. "ಸೋತವರಿಗೆ ಗಾಣ ಅಂತ ನಿಮ್ಮ ಮಾತೇ ಅಲ್ವಾ ಬುದ್ಧೀ? ಗೆದ್ದದ್ದು ಹಕ್ಕಿ, ಸೋತದ್ದು ಇಲಿ. ಹೂಡಿ ಇಲೀನ!"

ಎಣ್ಣೆಗೆ ಬಂದ ಜನ ಹೊಟ್ಟೆ ಹಿಡಿದು ನಕ್ಕರಂತೆ. ಇಲಿ ಹಿಂಡಿಯ ರಾಶಿಗೆ ನುಗ್ಗಿತು. ಗೌಡ ಮುಖ ಸಣ್ಣದು ಮಾಡಿಕೊಂಡು ಎತ್ತು ಕೊಳ್ಳೋಕೆ ಹೊರಟ.

ದುಗ್ಗಪ್ಪ ಬುತ್ತಿಯನ್ನು ಗೌಡನ ಜಗಲಿಗೇ ವಾಪಸ್ಸಿಟ್ಟ. "ಅಕ್ಕಾ, ಈಗ ಎದುರಾಬದುರು ಕೂತು ಒಂದಾಟ. ಒಂದು ಎಲೆಯಡಿಕೆ ಪಣ."

ಗೊರವಂಕ ಸಿಳ್ಳೆ ಹಾಕೋಕೆ ಕೊಕ್ಕು ತೆರೆಯಿತು.

"ಏಯ್! ದಾರೀಲಿ ಕಲಿಸು, ಎಷ್ಟು ಬೇಕಾದ್ರೂ ಕಲೀತೀನಿ. ಮುಷ್ಟಿ ಕಟ್ಟಿದ ಮೇಲೆ ಮಾತ್ರ ಸುಮ್ನಿರು," ಅಂದ ದುಗ್ಗಪ್ಪ.

ಮೊದಲ ಮುಷ್ಟಿಗೇ ಸೋತ. "ಸೋತೆ! ನಾನೇ ಸೋತೆ!" ಅಂತ ಗೆದ್ದವನ ಹಾಗೆ ಕುಣಿದನಂತೆ.

"ಇಂಥ ಸೋಲುಗಾರನ್ನ ನಾನು ಕಂಡೇ ಇಲ್ಲವ್ವ," ಅಂದಳು ಚೌಡವ್ವ, ಎಲೆ ಮಡಿಸುತ್ತಾ.

ಬಿಸಿಲು ಇಳಿಯೋ ಹೊತ್ತಿಗೆ ದುಗ್ಗಪ್ಪ ಕಂಬಳಿ ಕೊಡವಿ, ಸುರುಳಿ ಸುತ್ತಿ, ಹೆಗಲಿಗೇರಿಸಿ, ಗೊರವಂಕವನ್ನು ಕರೆಯುತ್ತಿದ್ದನಂತೆ. ದಾರಿ ಅವನಿಗೆ, ಕಥೆ ನಮಗೆ.