ಬಾಳವ್ವ ಹಾಕಿದ ಹೊಲಿಗೆ

ಅಡವೆಪ್ಪಜ್ಜನ ಕಥೆ ಹೇಳುವವರು ಹೊಳೆಯ ಎರಡೂ ದಂಡೆಯಲ್ಲಿದ್ದಾರೆ. ಅವರೆಲ್ಲ ಹೇಳುವುದು ಅರ್ಧ. ಪೂರ್ತಿ ಹೇಳುವವನು ಈ ಏಳು ಹಳ್ಳಿಯಲ್ಲಿ ನಾನೊಬ್ಬನೇ.

ಅಜ್ಜ ಹೊಳೆದಂಡೆಯ ಮಠದಲ್ಲಿ ಕೂತು ಕೌದಿ ಹೊಲಿಯುತ್ತಿದ್ದ ಸಾಧು. ಹಳೆ ಸೀರೆ, ಹರಿದ ಅಂಗಿ, ಸವೆದ ಧೋತರ, ಏನು ತಂದುಕೊಟ್ಟರೂ ತುಂಡು ಜೋಡಿಸಿ ಹೊದಿಕೆ ಮಾಡುತ್ತಿದ್ದ.

ಒಮ್ಮೆ ನಡುಹೊಳೆಯಲ್ಲಿ ದೋಣಿಯ ತಳ ಬಿರಿದಾಗ ಅಜ್ಜ ಸೂಜಿ ಕಚ್ಚಿಕೊಂಡು ಮುಳುಗಿದ. ಕೆಳಗಿನಿಂದಲೇ ಹೊಲಿದು ಮೇಲೆ ಬಂದ. ದೋಣಿಯಲ್ಲಿ ನಲವತ್ತು ಜನ, ಎರಡು ಎಮ್ಮೆ. ಒಬ್ಬರ ಕಾಲೂ ತೊಯ್ಯಲಿಲ್ಲ. ಸುಳ್ಳು ಅನ್ನುವವರು ಎಮ್ಮೆಗಳನ್ನು ಕೇಳಬಹುದಿತ್ತು. ಈಗ ಅವೂ ಇಲ್ಲ.

ಮುಪ್ಪಿನಲ್ಲಿ ಅಜ್ಜನ ಕಣ್ಣು ಹೋಗಿತ್ತು, ಹೆಬ್ಬೆರಳು ಉಳಿದಿತ್ತು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು, ಹೊಲಿದವಳು ಆ ದಿನ ಗಂಡನ ಜೊತೆ ಜಗಳವಾಡಿದ್ದಳೋ ಇಲ್ಲವೋ ಹೇಳಿಬಿಡುತ್ತಿದ್ದ. ಅದಕ್ಕೇ ಕೆಲವು ಹೆಂಗಸರು ಮಠದ ಕಡೆ ಸುಳಿಯುತ್ತಿರಲಿಲ್ಲ.

ಮಠದಲ್ಲೊಂದು ಪದ್ಧತಿ ಇತ್ತು. ದೀಪಾವಳಿ ರಜೆ ಬಂತೆಂದರೆ ಮಕ್ಕಳು ತಾಯಂದಿರ ಜೊತೆ ಅಂಗಳದ ಬೇವಿನ ಕೆಳಗೆ ಕೂಡುತ್ತಿದ್ದರು. ಕೆಲವರು ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಆಕಾಶಬುಟ್ಟಿ ಮಾಡುವರು. ಕೆಲವರು ಚಿಂದಿಗೆ ಹತ್ತಿ ತುಂಬಿ ತೊಟ್ಟಿಲಿಗೆ ಕಟ್ಟುವ ಗಿಳಿ ಹೊಲಿಯುವರು. ಆದರೆ ಮನೆಗೊಂದು ಕೌದಿ ಆಗಲೇಬೇಕು. ಸುತ್ತಲೂ ತಾಯಿ ಹೊಲಿಯಬೇಕು, ನಡುವಿನ ಚೌಕ ಮಗು ಹೊಲಿಯಬೇಕು.

ಪಾಡ್ಯದ ದಿನ ಕೌದಿಗಳನ್ನೆಲ್ಲ ಹೊಳೆಯ ಕಲ್ಲುಗಳ ಮೇಲೆ ಹಾಸುವುದು. ಸುತ್ತಲಿನ ಊರಿನವರು ಬಂದು ನೋಡುವುದು. ಆಮೇಲೆ ಮನೆಗೆ ಒಯ್ಯುವುದು.

ಅಲ್ಲಿಯವರೆಗೆ ಕೌದಿಗಳು ಮಠದಲ್ಲೇ ಇರುತ್ತಿದ್ದವು. ಅಂಚು ಕಟ್ಟುವ ಕೆಲಸ ಶಿಷ್ಯ ರಾಚಯ್ಯನದು.

ರಾಚಯ್ಯ ಹೊಲಿದರೆ ಇರುವೆ ಸಾಲು ಹೊರಟ ಹಾಗೆ. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ.

ಹಿಂದಿನ ವರ್ಷ ಆಚೆ ದಂಡೆಯ ಹೆಂಗಸೊಬ್ಬಳು ಕೌದಿಗಳನ್ನು ನೋಡಿ ಅಂದಿದ್ದಳು, “ಏನ್ರಿ ರಾಚಯ್ಯಾರ, ಇವನ್ನ ಹೊಲದವರು ಮಕ್ಕಳೋ ಕೋಳಿಗಳೋ? ತಿಪ್ಪಿ ಕೆದರಿದಂಗ ಕಾಣತೈತಿ!”

ಎಲ್ಲರೂ ನಕ್ಕರು. ಅಜ್ಜನೂ ನಕ್ಕ. ರಾಚಯ್ಯ ನಗಲಿಲ್ಲ.

ಈ ವರ್ಷ ಅವನು ಒಂದು ಉಪಾಯ ಮಾಡಿದ. ತಾಯಂದಿರು ತಮ್ಮ ಸುತ್ತಲಿನ ಹೊಲಿಗೆ ಮುಗಿಸಿ ಬರುವುದು ಬಿಟ್ಟ ಮೇಲೆ, ಮಧ್ಯಾಹ್ನ ಮಕ್ಕಳು ಊಟಕ್ಕೆ ಮನೆಗೆ ಹೋದೊಡನೆ ಕೌದಿ ತೆಗೆದುಕೊಂಡು, ಅವರು ಹಾಕಿದ ಹೊಲಿಗೆಯನ್ನು ಬಿಚ್ಚಿ, ಅದೇ ಬಣ್ಣದ ದಾರದಲ್ಲಿ ತಾನೇ ನೆಟ್ಟಗೆ ಹಾಕಿಡುತ್ತಿದ್ದ. ಮೂವತ್ತೊಂದು ಮನೆಯ ಮೂವತ್ತೊಂದು ಚೌಕ.

ಮಕ್ಕಳು ಮರಳಿ ಬಂದು ನೋಡಿ, “ಏ, ನಂದು ಭಾರಿ ಆಗೈತಿ!” ಎಂದು ಕುಣಿಯುತ್ತಿದ್ದವು.

ಒಬ್ಬಳು ಮಾತ್ರ ಕುಣಿಯಲಿಲ್ಲ. ದುಂಡವ್ವನ ಮಗಳು ಬಾಳವ್ವ. ಏಳು ವರ್ಷದವಳು.

ದುಂಡವ್ವ ಆಗ ಐದು ತಿಂಗಳ ಬಸುರಿ. ತನ್ನ ಮದುವೆಯ ಕುಬುಸದ ಖಣವನ್ನೇ ಕತ್ತರಿಸಿ ಮಗಳ ಚೌಕಕ್ಕೆ ಕೊಟ್ಟಿದ್ದಳು.

“ಯಾರಿಗವ್ವ ಈ ಕೌದಿ?” ಎಂದು ಅಜ್ಜ ಕೇಳಿದ್ದ.

“ಅವ್ವನ ಹೊಟ್ಟ್ಯಾಗಿನ ಕೂಸಿಗ್ರಿ.”

“ತಮ್ಮನೋ ತಂಗಿಯೋ?”

“ಯಾವುದರೆ ಬರಲಿ. ನನ್ನ ಕೌದಿ ಮ್ಯಾಲೆ ಉಚ್ಚಿ ಹೊಯ್ದರ ಬಡಿತೀನಿ.”

“ಏ ಹುಚ್ಚಿ, ಅಜ್ಜಾರ ಮುಂದ ಹಿಂಗ ಮಾತಾಡ್ತಾರೇನು?” ಎಂದು ತಾಯಿ ಗದರಿದಳು. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ಹುಡುಗಿಯೇ ಊಟ ಮಾಡಿ ಬಂದು ಕೌದಿಯನ್ನು ಹಿಂದೆ ಮುಂದೆ ತಿರುಗಿಸಿದಳು.

“ರಾಚಯ್ಯಾರ, ನಾ ಹೊಲದದ್ದು ಎಲ್ಲಿ ಹೋತ್ರಿ?”

“ಅದೇ ಅಲ್ಲೇನವ್ವ ಇದು?”

“ಅಲ್ರಿ. ನಂದು ಇಲ್ಲಿ ತಿರಗಿತ್ತು.”

“ಕೌದಿ ಮಡಚಿ ಮಲಗಿಸಿದರ ಹೊಲಿಗಿ ತಾನೇ ನೆಟ್ಟಗಾಗತೈತಿ.”

ಬಾಳವ್ವ ಕೌದಿ ಮಡಚಿ ನೋಡಿದಳು. “ನಾನೂ ಭಾಳ ಹೊತ್ತು ಮಲಕೊಂಡರ ನೆಟ್ಟಗಾಗತೀನೇನ್ರಿ? ಅವ್ವ ನನಗ ಸೊಟ್ಟಿ ಅಂತಾಳ.”

“ಹೂಂ ಹೂಂ, ಆಗತಿ. ಹೋಗು.”

ಆ ಸಂಜೆ ಅಜ್ಜ ಕೇಳಿದ, “ಮಕ್ಕಳ ಹೊಲಿಗಿ ಹೆಂಗದಾವೋ ರಾಚಯ್ಯ?”

“ನೋಡುವಂಗ ಅದಾವ್ರಿ ಅಜ್ಜಾರ. ಈ ಸಲ ಯಾರೂ ನಗೂದಿಲ್ಲ.”

“ನಗದಿದ್ದರ ಮಕ್ಕಳ ಹೊಲಿಗಿ ಹೆಂಗಾತು?” ಎಂದ ಅಜ್ಜ.

ರಾಚಯ್ಯ ಅದನ್ನು ಹೊಗಳಿಕೆ ಎಂದುಕೊಂಡ. ಅಂಥವನು.

ಹಬ್ಬ ಬರುವುದಕ್ಕೆ ಮುಂಚೆ ಊರಿಗೆ ಜ್ವರ ಬಂತು.

ನಾನು ಬಹಳ ಜ್ವರ ಕಂಡವನು. ನನ್ನ ಹಣೆಯ ಮೇಲೆ ಜೋಳದ ರೊಟ್ಟಿ ಬೇಯಿಸಿದ ಜ್ವರವೂ ಒಂದಿತ್ತು. ಆದರೆ ಆ ವರ್ಷದ್ದು ದೊಡ್ಡವರನ್ನು ಮುಟ್ಟಲಿಲ್ಲ. ಮಕ್ಕಳನ್ನೇ ಹುಡುಕಿಕೊಂಡು ಬಂತು.

ಬೇವಿನ ಕೆಳಗೆ ದಿನಕ್ಕಿಷ್ಟು ಜಾಗ ಖಾಲಿಯಾಯಿತು. ಬಾಳವ್ವ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಅವಳನ್ನು ಹೊಳೆಯ ಆಚೆ ಮಣ್ಣು ಮಾಡಿ ಬಂದವರು ಮಠದ ಮುಂದೆಯೇ ಕೈಕಾಲು ತೊಳೆದುಕೊಂಡರು.

ಚತುರ್ದಶಿಯ ಬೆಳಿಗ್ಗೆ ದುಂಡವ್ವ ಒಬ್ಬಳೇ ಬಂದಳು. ಮಣ್ಣು ಮಾಡಿದ ದಿನದಿಂದ ಅವಳು ಒಂದು ತುತ್ತು ತಿಂದಿಲ್ಲ ಎಂದು ಊರೆಲ್ಲ ಮಾತಾಡುತ್ತಿತ್ತು. ಹೊಟ್ಟೆಯಲ್ಲಿರುವುದೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿದ್ದಳು.

“ರಾಚಯ್ಯಾರ, ನನ್ನ ಕೌದಿ ಕೊಡ್ರಿ.”

“ಅಂಚು ಕಟ್ಟಿಲ್ಲವ್ವ. ಪಾಡ್ಯಕ್ಕ ಹಾಸಿ, ಆಮ್ಯಾಲೆ...”

“ನನಗ ಯಾವ ಪಾಡ್ಯ? ಕೂಸು ಹಾಕಿದ ಹೊಲಿಗಿ ಬೇಕು ನನಗ. ಆಕಿ ಕೈಯಿಂದ ಆದದ್ದು ಮನ್ಯಾಗ ಮತ್ತೊಂದಿಲ್ಲ. ಹುಟ್ಟೋದಕ್ಕ ತೋರಸಬೇಕು, ಇದು ನಿಮ್ಮಕ್ಕ ಅಂತ. ತೋರಸಾಕ ಏನರೆ ಇದ್ದರ ನಾ ಇದನ್ನ ಹೆರತೀನಿ. ಇಲ್ಲಂದರ ಯಾಕ ಹೆರಲಿ?”



“ಮಧ್ಯಾಹ್ನ ಬಾರವ್ವ. ಕೊಡ್ತೀನಿ.”

ಅವಳು ಮನೆಗೆ ಹೋಗಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು.

ರಾಚಯ್ಯ ಒಳಗೆ ಬಂದು ಕೌದಿ ಬಿಡಿಸಿದ. ನಡುವಿನ ಖಣದ ಮೇಲೆ ಅವನದೇ ಹೊಲಿಗೆ, ಇರುವೆ ಸಾಲಿನ ಹಾಗೆ. ಒಂದೊಂದನ್ನೂ ಕಿತ್ತ. ಸೂಜಿಯನ್ನು ಎಡಗೈಗೆ ತೆಗೆದುಕೊಂಡ.

ಮೂಲೆಯಲ್ಲಿ ಚಿಂದಿ ಆರಿಸುತ್ತ ಕೂತಿದ್ದ ಅಜ್ಜ ಕೇಳಿದ, “ಏನು ಮಾಡಾಕ ಹತ್ತಿ?”

“ಅಂಚು ಕಟ್ಟಾಕ ಹತ್ತೀನ್ರಿ.”

“ಅಂಚಿಗೆ ಇಷ್ಟು ಉಸಿರು ಬೇಕಾಗೂದಿಲ್ಲ.”

ರಾಚಯ್ಯ ತಡೆಯಲಾರದೆ ಕೇಳಿದ, “ಅಜ್ಜಾರ, ಒಬ್ಬರ ಜೀವ ಉಳಿಯುವಂಗಿದ್ದರ, ಸುಳ್ಳು ಸುಳ್ಳಾಗತೈತೇನ್ರಿ?”

“ಹಸದವರ ಗಂಗಾಳದಾಗ ರೊಟ್ಟಿ ಚಿತ್ರ ಬರದು ಇಟ್ಟು ನೋಡು.”

“ಒಗಟಿನಾಗ ಹೇಳಬ್ಯಾಡ್ರಿ ಅಜ್ಜಾರ.”

“ಒಗಟು ನಂದಲ್ಲ. ನಿನ್ನ ಕೈಯಾಗ ಐತಿ.”

ರಾಚಯ್ಯ ಹೊಲಿದ. ಎಡಗೈಯಲ್ಲಿ, ಒಂದು ಉದ್ದ ಒಂದು ಗಿಡ್ಡ, ಅಲ್ಲಲ್ಲಿ ತಿರುವು ಕೊಟ್ಟು. ಕೋಳಿ ಕೆದರಿದ ಹಾಗೇ ಆಯಿತು. ನೋಡಿದವರು ಯಾರೂ ಮಗುವಿನದಲ್ಲ ಅನ್ನುತ್ತಿರಲಿಲ್ಲ.

ಮಧ್ಯಾಹ್ನ ದುಂಡವ್ವ ಬಂದಳು. ಕೌದಿ ಕೈಗೆ ಬಂದೊಡನೆ ಕಣ್ಣಿಗೆ ಒತ್ತಿಕೊಂಡಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖ ಅಲುಗಿತು. ರಾಚಯ್ಯನಿಗೆ ಹೋದ ಜೀವ ಬಂತು.

ಅವಳು ಅಂಗಳದಲ್ಲೇ ಕೂತು ಚೌಕವನ್ನು ತೊಡೆಯ ಮೇಲೆ ಹರವಿಕೊಂಡಳು. ಬೆರಳಿಟ್ಟು ಒಂದೊಂದೇ ಹೊಲಿಗೆ ಮುಟ್ಟುತ್ತ ಹೋದಳು. ನಾಲ್ಕನೆಯದಕ್ಕೆ ನಿಂತಳು.

“ಇದು ಯಾರು ಹೊಲದದ್ರಿ?”

“ಬಾಳವ್ವ. ಮತ್ಯಾರು?”

“ಅಲ್ಲ.”

“ಸೊಟ್ಟ ಐತಿ ನೋಡವ್ವ, ಕೂಸಿನ ಕೈ...”

“ನನ್ನ ಮಗಳು ಸೊಟ್ಟ ಹೊಲೀತಿದ್ದಿಲ್ರಿ ರಾಚಯ್ಯಾರ. ನಾಲಿಗಿ ಕಚಗೊಂಡು, ಉಸರು ಬಿಗಿ ಹಿಡದು, ನೆಟ್ಟಗ ಹೊಲೀಬೇಕಂತ ಹೊಲೀತಿದ್ದಳು. ಅದು ಸೊಟ್ಟ ಆಗತಿತ್ತು. ಇದು ಸೊಟ್ಟ ಹೊಲೀಬೇಕಂತ ಹೊಲದದ್ದು.”

ರಾಚಯ್ಯ ನೆಲ ನೋಡಿದ. ನೆಲದಲ್ಲಿ ಏನೂ ಇರಲಿಲ್ಲ.

“ಬಿಚ್ಚೀನವ್ವ. ಎಲ್ಲಾ ಮಕ್ಕಳದೂ ಬಿಚ್ಚೀನಿ. ಪಾಡ್ಯದ ದಿನ ಚೆಂದ ಕಾಣಲಿ ಅಂತ. ಇದು ನಾ ಈಗ ಹಾಕಿದ್ದು.”

“ಆಕಿ ಹಾಕಿದ ದಾರ?”

“ಹೊಳಿಗೆ ಒಗದೆ.”

ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ರಾಚಯ್ಯ ಕಾದ. ದುಂಡವ್ವ ಬೈಯಲಿಲ್ಲ. ಕೌದಿಯನ್ನು ನೆಲದ ಮೇಲಿಟ್ಟು ಎದ್ದಳು. ಹೊಳೆಯ ಕಡೆ ತಿರುಗಿದಳು. ನಡೆಯುವ ರೀತಿ ನೋಡಿದರೆ ನೀರು ತರಲು ಹೊರಟವಳ ಹಾಗಿರಲಿಲ್ಲ.

“ದುಂಡವ್ವ,” ಎಂದ ಅಜ್ಜ ಒಳಗಿನಿಂದ. “ಆ ಕೌದಿ ನನ್ನ ಕೈಗೆ ಕೊಟ್ಟು ಹೋಗು. ಕಣ್ಣಿಲ್ಲದವ, ಎಲ್ಲಿ ಹುಡುಕಲಿ?”

ಹಿರಿಯರ ಮಾತು. ಅವಳು ಹಿಂದಿರುಗಿ ಬಂದು ಕೊಟ್ಟಳು.

ಅಜ್ಜನ ಬಾಯಲ್ಲಿ ಉಳಿದದ್ದು ಒಂದೇ ಹಲ್ಲು. ಎತ್ತಿನ ಹಗ್ಗ ಕತ್ತರಿಸುವ ಹಲ್ಲು ಅದು, ನಾನೇ ಕಂಡಿದ್ದೇನೆ. ಆ ಹಲ್ಲಿನಿಂದ ರಾಚಯ್ಯನ ಹೊಲಿಗೆಯನ್ನು ಕಚ್ಚಿ ಕಚ್ಚಿ ಕಿತ್ತ. ದಾರವನ್ನೆಲ್ಲ ಉಗುಳಿದ. ಬರಿದಾದ ಖಣದ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಬೆರಳು ಒಂದೆಡೆ ನಿಂತಿತು.

“ತಾಯಿ, ಇದನ್ನ ಬಿಸಿಲಿಗೆ ಹಿಡಿ.”

ಅವಳು ಬಾಗಿಲಿಗೆ ಬಂದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಖಣ ಎಂದರೆ ಗಟ್ಟಿ ನೇಯ್ಗೆ. ಒಮ್ಮೆ ಚುಚ್ಚಿದ್ದು ಬೇಗ ಮುಚ್ಚಿಕೊಳ್ಳುವುದಿಲ್ಲ. ಮಠದಲ್ಲಿ ಮಕ್ಕಳಿಗೆ ಕೊಡುತ್ತಿದ್ದದ್ದು ದಪ್ಪ ಸೂಜಿ. ರಾಚಯ್ಯನದು ಕೂದಲೆಳೆಯಂಥ ಸೂಜಿ, ಅದು ಚುಚ್ಚಿದ್ದು ಕಾಣಲೇ ಇಲ್ಲ. ದಪ್ಪ ಸೂಜಿಯ ತೂತುಗಳಿಂದ ಬಿಸಿಲು ಇಳಿದು ದುಂಡವ್ವನ ಮುಖದ ಮೇಲೆ ಬಿತ್ತು.

“ಒಂದು,” ಎಂದಳು ಅವಳು. “ಎರಡು.”

ಒಂಬತ್ತಕ್ಕೆ ಮುಗಿಯಿತು. ಉಳಿದ ಕಡೆ ಬಟ್ಟೆ ತೊಯ್ದಿತ್ತೋ ಸವೆದಿತ್ತೋ, ಮುಚ್ಚಿಕೊಂಡಿತ್ತು.

“ಇಲ್ಲಿ ತಿರಗೇತಿ ನೋಡ್ರಿ ಅಜ್ಜಾರ,” ಎಂದಳು. “ಇಲ್ಲಿಗೆ ಬಂದಾಗ ನಾ ಬೈದಿದ್ದೆ.”

ಆಮೇಲೆ ಅವಳು ಅತ್ತದ್ದನ್ನು ನಾನು ಹೇಳುವುದಿಲ್ಲ. ಎಷ್ಟು ದೊಡ್ಡ ಕಥೆ ಕಟ್ಟುವವನಾದರೂ ಕೆಲವಕ್ಕೆ ಕೈ ಹಾಕಬಾರದು.

ರಾಚಯ್ಯ ಹತ್ತಿರ ಬಂದ. “ಅವ್ವಾ, ಅದೇ ತೂತಿನಾಗ ದಾರ ಪೋಣಿಸಿ ಕೊಡ್ತೀನಿ. ಒಂಬತ್ತೂ ಹಂಗೇ ಬರತಾವ.”

“ನೀವು ಮುಟ್ಟಬ್ಯಾಡ್ರಿ.”

ಅಜ್ಜ ತನ್ನ ಪಾಲಿನ ರೊಟ್ಟಿಯನ್ನು ಅವಳ ಕಡೆ ಸರಿಸಿದ. ಅವಳು ಅರ್ಧ ತಿಂದಳು. ಉಳಿದರ್ಧ ಸೆರಗಿಗೆ ಕಟ್ಟಿಕೊಂಡಳು. ಕೌದಿಯನ್ನು ಮಡಚದೆ ಹಾಗೇ ಹೊಟ್ಟೆಗೆ ಸುತ್ತಿಕೊಂಡು ಊರಿನ ದಾರಿ ಹಿಡಿದಳು.

ಅವಳು ಮರೆಯಾಗುವವರೆಗೆ ರಾಚಯ್ಯ ನಿಂತೇ ಇದ್ದ. ಬೇವಿನ ಕೆಳಗೆ ಅಂದು ಒಂದು ಮಗುವೂ ಇರಲಿಲ್ಲ. ಅರ್ಧ ಅಂಟಿಸಿದ ಆಕಾಶಬುಟ್ಟಿಗಳು ಗಾಳಿಗೆ ಉರುಳುತ್ತಿದ್ದವು. ಊರಲ್ಲಿ ಇನ್ನೂ ಏಳು ಮನೆಯಲ್ಲಿ ಜ್ವರ ಇತ್ತು.

ಅವನು ಒಳಗೆ ಬಂದು ಅಜ್ಜನ ಕಾಲು ಹಿಡಿದ.

“ತಪ್ಪಾತ್ರಿ ಅಜ್ಜಾರ.”

ಅಜ್ಜ ಕಾಲು ಎಳೆದುಕೊಳ್ಳಲಿಲ್ಲ, ಏಳು ಎಂದೂ ಹೇಳಲಿಲ್ಲ. ಗೋಡೆಗೆ ಒಟ್ಟಿದ್ದ ಕೌದಿಗಳ ಕಡೆ ಮುಖ ತಿರುಗಿಸಿದ.

“ಉಳಿದ ಮೂವತ್ತು?”

“ಅವು ಎಲ್ಲಾ ಮೆತ್ತನ್ನ ಹಳೆ ಸೀರಿ ಬಟ್ಟೀರಿ. ತೂತು ಉಳದಿಲ್ಲ. ನೋಡೀನಿ.”

ಅಜ್ಜ ಕೈಚಾಚಿ ಮೇಲಿನ ಕೌದಿಯ ಚೌಕದ ಮೇಲೆ ಹೆಬ್ಬೆರಳು ಆಡಿಸಿದ.

“ಆದರ ಅಜ್ಜಾರ, ಆ ಮಕ್ಕಳು ಅದಾವಲ್ರಿ,” ಎಂದ ರಾಚಯ್ಯ. “ಬರೋ ದೀಪಾವಳಿಗೆ ಬಂದು ಮತ್ತ ಹೊಲೀತಾವ. ಆಗ ನಾ ಒಂದು ಹೊಲಿಗಿನೂ ಬಿಚ್ಚೂದಿಲ್ಲ. ಹೆಂಗ ಹಾಕತಾವ ಹಂಗೇ ಬಿಡ್ತೀನಿ. ನಿಮ್ಮಾಣಿ.”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟ.

“ಯಾರ್ಯಾರು ಬರತಾರ, ಒಂದೊಂದೇ ಹೆಸರು ಹೇಳು.”