ಹಗ್ಗ ಬಿಡದವನು

"ಉಪದೇಶಿಗಳೇ, ನನ್ನಂಥವನು ಪವಿತ್ರನಾಗುವುದು ಯಾವಾಗ?" ಎಂದು ದರ್ಜಿ ಚೌರಪ್ಪ ಕೇಳಿದ. "ಬೆಳಗಾದರೆ ಹೊಲಿಗೆ ಯಂತ್ರ, ಸಂಜೆಯಾದರೆ ಹೆಂಡತಿ ಮಕ್ಕಳು. ಜಪಮಾಲೆ ಹಿಡಿದರೆ ಅರ್ಧಕ್ಕೇ ಯಾರೋ ಹರಿದ ಅಂಗಿ ತಂದು ನಿಲ್ಲುತ್ತಾರೆ. ಮಠ ಸೇರಿದವರಿಗೆ ಮಾತ್ರವೇ ಆ ಭಾಗ್ಯ?"

ಉಪದೇಶಿ ಇನ್ನಾಸಪ್ಪ ಊರಿನ ಕ್ರೈಸ್ತರಿಗೆ ಧರ್ಮಪಾಠ ಹೇಳುವವನು. ನಯವಾಗಿ ಮಾತಾಡಿ ಗೊತ್ತಿಲ್ಲ. "ಪವಿತ್ರತೆ ಮಠದವರ ಗದ್ದೆಯೇನು, ಬೇಲಿ ಹಾಕಿಕೊಳ್ಳಲು? ಕೂತುಕೋ" ಎಂದು ಕತೆ ಶುರುಮಾಡಿದ.

ಒಂದೂರಿನಲ್ಲಿ ಒಬ್ಬ ಕೂಲಿಯಾಳು ಇದ್ದ. ಮಾತೆ ಮರಿಯಮ್ಮನವರ ಹಬ್ಬದಲ್ಲಿ ಪಲ್ಲಕ್ಕಿಗೆ ಹೆಗಲು ಕೊಡುವುದು ಅವನ ಮನೆತನಕ್ಕೆ ಬಂದ ಹಕ್ಕು. ಅಪ್ಪ ಹೊತ್ತಿದ್ದ, ಅಜ್ಜ ಹೊತ್ತಿದ್ದ. ಊರಿನಲ್ಲಿ ಅವನಿಗಿದ್ದ ಗೌರವ ಅದೊಂದೇ.

ಆ ವರ್ಷ ಚರ್ಚಿನ ಅಂಗಳದಲ್ಲಿ ಬಾವಿ ತೋಡುತ್ತಿದ್ದರು. ಮೇಲೆ ಹಗ್ಗ ಎಳೆಯುವವರು ಮೂವರು, ಕೂಲಿಯಾಳು ಅವರಲ್ಲೊಬ್ಬ. ಮೂವರೂ ಚರ್ಚಿನವರೇ. ಕೆಳಗೆ ಅಗೆಯುವವನು ಬೇರೆ ಊರಿನವನು, ಬೇರೆ ದೇವರವನು.

ಒಂದು ಮಧ್ಯಾಹ್ನ ಅಗೆಯುವವನು ಊಟಕ್ಕೆ ಮೇಲೆ ಬರಲು ಬುಟ್ಟಿಯಲ್ಲಿ ಕೂತ. ಮೂವರೂ ಎಳೆದರು. ಬುಟ್ಟಿ ಅರ್ಧ ಬಾವಿಗೆ ಬಂದಾಗ ಚರ್ಚಿನ ಗಂಟೆ ಹೊಡೆಯಿತು. ದೇವರು ಮನುಷ್ಯನಾಗಿ ನಮ್ಮ ನಡುವೆ ನೆಲೆಸಿದ ಎಂದು ನೆನೆಯುವ ತ್ರಿಕಾಲ ಜಪದ ಗಂಟೆ ಅದು. ಕೇಳಿದವರು ಎಲ್ಲಿದ್ದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಶಿಲುಬೆಯ ಗುರುತು ಹಾಕಿಕೊಂಡು ಕೈಮುಗಿಯಬೇಕು. ಹಾಲು ಕುಡಿಯುವಾಗಿನಿಂದ ಕೈಗೆ ಹತ್ತಿದ ರೂಢಿ. ಇಬ್ಬರ ಕೈ ತಾನಾಗಿಯೇ ಹಣೆಗೆ ಹೋಯಿತು.

ಹಗ್ಗ ಸರ್ರನೆ ಜಾರಿತು. ಕೂಲಿಯಾಳಿನ ಕೈಯೂ ಏಳಲು ಹೊರಟಿತ್ತು. ಅವನು ಏಳಗೊಡಲಿಲ್ಲ. ಕಾಲನ್ನು ಕಟ್ಟೆಗೆ ಒತ್ತಿ ಹಗ್ಗ ಹಿಡಿದ. ಅಂಗೈಯ ಚರ್ಮ ಕಿತ್ತು ಬಂತು.

"ಹಗ್ಗ ಹಿಡೀರೋ, ನಿಮ್ಮ ಜಪಕ್ಕಿಷ್ಟು ಬೆಂಕಿ ಹಾಕ" ಎಂದು ಅರಚಿದ.

ಕೈಮುಗಿದು ನಿಂತಿದ್ದವರು ಬೆಚ್ಚಿಬಿದ್ದು ಮತ್ತೆ ಹಗ್ಗ ಹಿಡಿದರು. ಅಗೆಯುವವನು ಜೀವಸಹಿತ ಮೇಲೆ ಬಂದ. ಮರದ ನೆರಳಿನಲ್ಲಿ ಜಪ ಹೇಳುತ್ತಿದ್ದ ಚರ್ಚಿನ ಯಜಮಾನನಿಗೆ ಕೇಳಿಸಿದ್ದು ಬೈಗುಳವೊಂದೇ.

ಭಾನುವಾರ ಪೂಜೆ ಮುಗಿದ ಮೇಲೆ ಯಜಮಾನ ಕೂಲಿಯಾಳನ್ನು ತಡೆದ. "ತ್ರಿಕಾಲ ಜಪಕ್ಕೆ ಬೆಂಕಿ ಹಾಕುವವನೋ ನೀನು? ಬಾಗಿಲಲ್ಲಿ ಮಂಡಿಯೂರಿ ಎಲ್ಲರೆದುರು ತಪ್ಪಾಯಿತು ಅನ್ನು. ಇಲ್ಲದಿದ್ದರೆ ಪಲ್ಲಕ್ಕಿ ಮುಟ್ಟಬೇಡ."

"ಅವನು ಬಿದ್ದು ಸತ್ತಿದ್ದರೆ ಯಾರು ಮಂಡಿಯೂರುತ್ತಿದ್ದರು, ಯಜಮಾನರೇ? ಹಗ್ಗ ಬಿಟ್ಟವರೋ, ನೆರಳಲ್ಲಿ ನಿಂತಿದ್ದವರೋ?"

"ಅವನೇನು ನಮ್ಮ ಸಭೆಯವನೇ?"

"ಅಲ್ಲ. ನನ್ನ ಹಗ್ಗದವನು."

"ನಾಲಗೆ ಬಹಳ ಉದ್ದವಾಯಿತು. ಪಲ್ಲಕ್ಕಿ ನೆನಪಿರಲಿ."

"ನೆನಪಿದೆ. ಮಾತೆಗೆ ಬೇರೆ ಹೆಗಲು ಹುಡುಕಿಕೊಳ್ಳಿ. ಮಾಡದ ಪಾಪಕ್ಕೆ ಬಗ್ಗುವ ಮಂಡಿ ನನ್ನಲ್ಲಿಲ್ಲ."

ಹಬ್ಬದ ದಿನ ಪಲ್ಲಕ್ಕಿ ಅವನ ಮನೆಯ ಮುಂದೆಯೇ ಹೋಯಿತು. ಅವನ ಜಾಗದಲ್ಲಿ ಹೆಗಲು ಕೊಟ್ಟವನು ಯಜಮಾನನ ಅಳಿಯ. ಕೂಲಿಯಾಳು ತಲೆ ತಗ್ಗಿಸಲಿಲ್ಲ. ಹೊಸ್ತಿಲಲ್ಲಿ ನೆಟ್ಟಗೆ ನಿಂತು, ಬಟ್ಟೆ ಸುತ್ತಿದ ಕೈಯಿಂದಲೇ ಶಿಲುಬೆಯ ಗುರುತು ಹಾಕಿಕೊಂಡ. ಮರುದಿನ ಮತ್ತೆ ಬಾವಿಯ ಕೆಲಸಕ್ಕೆ ಹೋದ.

ಇನ್ನಾಸಪ್ಪ ಕತೆ ನಿಲ್ಲಿಸಿದ. ಚೌರಪ್ಪನಿಗೆ ಸಮಾಧಾನವಾಗಲಿಲ್ಲ.

"ಅವನು ಮಾಡಿದ್ದು ಸರಿಯೇ, ಉಪದೇಶಿಗಳೇ. ಆದರೂ ಅವತ್ತಿನ ಜಪ ಅವನಿಗೆ ತಪ್ಪಿಹೋಯಿತಲ್ಲ. ದೇವರಿಗೆ ಕೈಮುಗಿದವರು ಆ ಇಬ್ಬರೇ ತಾನೇ?"

"ಆ ಇಬ್ಬರು ಯಾರಿಗೆ ಕೈಮುಗಿದರೋ, ಆತನೇ ಬುಟ್ಟಿಯಲ್ಲಿದ್ದ."